ಚರ್ಚಿನ ಮುಗಿಲು, ನಾಟಕದ ಠಾಣೆ

ಚರ್ಚಿನ ಒಳಗೋಡೆಗೆ ಚಿತ್ರ ಬರೆಯುವುದು, ನಾಟಕಕ್ಕೆ ಸೆಟ್ ಕಟ್ಟುವುದು, ಎರಡೂ ನನ್ನ ಉದ್ಯೋಗ. ಹಾಗಾಗಿ ಫಜೀತಿಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಶಿರಸಿಯಲ್ಲಿ ಬಸ್ಸು ಹತ್ತಿದರೆ ಅವೂ ಹತ್ತಿಕೊಳ್ಳುತ್ತವೆ.

೧. ರೆಕ್ಕೆ

ಶಿರಸಿ ಕಡೆಯ ಒಂದು ಚರ್ಚಿನಲ್ಲಿ ದೇವದೂತನನ್ನು ಬರೆಯುತ್ತಿದ್ದೆ. ಕೋಳಿ ಸಾಕುವವರೊಬ್ಬರು ಬಹಳ ಹೊತ್ತು ನೋಡಿ, "ಈ ರೆಕ್ಕೆಗೆ ಇಷ್ಟು ದೊಡ್ಡ ಮೈ ಏಳೋದಿಲ್ಲ" ಎಂದರು.

"ದೇವರೇ ಎತ್ತುತ್ತಾನಲ್ಲ" ಎಂದೆ.

"ಹಂಗಾದ್ರೆ ರೆಕ್ಕೆ ಎಂತಕ್ಕೆ?"

ಪಕ್ಕದಲ್ಲಿದ್ದ ಫಾದರ್ ರೆಕ್ಕೆಯನ್ನೊಮ್ಮೆ ನೋಡಿ, "ದೊಡ್ಡದೇ ಮಾಡಿಬಿಡಿ" ಎಂದರು.

೨. ಅಪ್ಪಣೆ

ಯಲ್ಲಾಪುರದಲ್ಲಿ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ಚರ್ಚಿನ ಒಳಛಾವಣಿಗೆ ಮೋಡ ಬಳಿಯುತ್ತಿದ್ದೆ. ಸಿದ್ದಾಪುರದ ನಾಟಕದ ನಿರ್ದೇಶಕರ ಫೋನು ಬಂತು. "ಸಿಂಹಾಸನ ರಾಶಿ ಎತ್ತರ ಆತು ಮಾರಾಯ, ರಾಜಂಗೆ ಹತ್ತಲೆ ಆಗ್ತಿಲ್ಲೆ."

"ಕಾಲು ಕತ್ತರಿಸಿಬಿಡು. ನಾಳೆವರೆಗೆ ಕಾಯಬೇಡ" ಎಂದೆ.

ಕೆಳಗೆ ಅಜ್ಜಿಯೊಬ್ಬರು ಮೊಣಕಾಲೂರಿ ಕೂತಿದ್ದನ್ನು ನಾನು ನೋಡಿರಲಿಲ್ಲ. ಅವರು ನಿಧಾನವಾಗಿ ಎದ್ದು, ಮೋಡಕ್ಕೆ ಕೈಮುಗಿದು, "ಮಂಡಿನೋವು ಅಂದೆ ಅಷ್ಟೇ ಸ್ವಾಮಿ. ಎಣ್ಣೆ ಹಚ್ಕೊಳ್ತೇನೆ ಬಿಡು" ಎಂದು ಸರಸರ ಹೊರಟೇಹೋದರು.

೩. ಠಾಣೆ

ಸಿದ್ದಾಪುರದ ಇನ್ನೊಂದು ನಾಟಕಕ್ಕೆ ಪೊಲೀಸ್ ಠಾಣೆ ಬೇಕಿತ್ತು. ಬಣ್ಣ ಒಣಗಲೆಂದು ಸೆಟ್ಟನ್ನು ಬಯಲಲ್ಲಿ ನಿಲ್ಲಿಸಿದ್ದೆ. ಇನ್ಸ್‌ಪೆಕ್ಟರ್ ಪಾತ್ರ ಮಾಡುವ ಸೊಸೈಟಿ ಗುಮಾಸ್ತರು ಖಾಕಿ ಹಾಕಿಕೊಂಡು ಅಲ್ಲೇ ಮೇಜಿನ ಮುಂದೆ ಕೂತು ಮಾತು ಬಾಯಿಪಾಠ ಮಾಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ರೈತರೊಬ್ಬರು ಸೀದಾ ಒಳಬಂದು, ಪಕ್ಕದ ಮನೆಯ ಎಮ್ಮೆ ತಮ್ಮ ಬಸಳೆ ಚಪ್ಪರ ತಿಂದ ಕತೆಯನ್ನು ಉಸಿರು ಬಿಡದೆ ಹೇಳಿದರು. ಇದು ನಾಟಕ ಎನ್ನಲು ಗುಮಾಸ್ತರಿಗೆ ಸಂದೇ ಸಿಗಲಿಲ್ಲ. ಕೊನೆಗೆ, "ನಾಳೆ ಅವರನ್ನೂ ಕರ್ಕೊಂಡು ಬನ್ನಿ" ಎಂದುಬಿಟ್ಟರು.

ಮರುದಿನ ಇಬ್ಬರೂ ಹಾಜರು. "ನೀವು ಎಮ್ಮೆ ಕಟ್ಟಿ, ನೀವು ಬೇಲಿ ಕಟ್ಟಿ" ಎಂದರು ಗುಮಾಸ್ತರು. ಇಬ್ಬರೂ ಒಪ್ಪಿ ಕೈಮುಗಿದು ಹೋದರು.

ನಾಟಕದ ದಿನ ಕತೆಯಂತೆ ಇನ್ಸ್‌ಪೆಕ್ಟರ್ ಲಂಚ ತೆಗೆದುಕೊಂಡು ಕಿಸೆಗಿಳಿಸಿದರು. ಮುಂದಿನ ಸಾಲಿನಿಂದ ಬಸಳೆಯವರು ಎದ್ದು ನಿಂತರು. "ನಾಟಕ ನಿಲ್ಸಿ. ಸಾಹೇಬ್ರ ಹೆಸರು ಹಾಳು ಮಾಡಬೇಡಿ. ನಮ್ಮ ಕೇಸಲ್ಲಿ ಒಂದು ಲೋಟ ಚಾ ಕೂಡ ಮುಟ್ಟಿಲ್ಲ ಅವರು."

ಹಿಂದಿನಿಂದ ಎಮ್ಮೆಯವರೂ ಎದ್ದರು. "ಖರೇ. ನಾನೇ ಕೊಡೋಕೆ ಹೋಗಿದ್ದೆ, ತಗೊಳ್ಳಲಿಲ್ಲ."

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಗುಮಾಸ್ತರು ಕಿಸೆಯಿಂದ ಲಂಚ ತೆಗೆದು ವಾಪಸು ಕೊಟ್ಟರು. ಇನ್ನೂ ಎರಡು ಅಂಕವಿದ್ದ ದುರಂತ ನಾಟಕ ಅಲ್ಲೇ ಸುಖವಾಗಿ ಮುಗಿಯಿತು.