ಬೇಲಿ ಕಂಬಕ್ಕೆ ಗೆದ್ದಲಿನ ಸರ್ಟಿಫಿಕೇಟು

"ನಾನು ಹಾಕಿಸೋ ಬೇಲಿ ಕಂಬ ಹೇಗಿರಬೇಕು ಗೊತ್ತಾ? ಕೀಳೋಕೆ ಬಂದವನ ಸೊಂಟ ಮುರೀಬೇಕು, ಕಂಬ ಅಲ್ಲಾಡಬಾರದು," ಅಂತ ಚಾಳೀಸಯ್ಯ ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಸಾರಿದ. ಕಂಬದ ವಿಷಯ ಹಾಗಿರಲಿ, ಲೋಟ ಅಲ್ಲಾಡಿ ಅರ್ಧ ಕಾಫಿ ಹೆಂಡತಿಯ ಬಸ್ ಪಾಸಿನ ಮೇಲೆ ಚೆಲ್ಲಿತು.

ಚಾಳೀಸಯ್ಯ ಅಂದರೆ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ನಲವತ್ತು ದಾಟಿದವರಿಗೆಲ್ಲ ಚಾಳೀಸು ಹಾಕಿಸಿ ಹಾಕಿಸಿ, ಆ ಹೆಸರು ಅವನ ಹೆಂಡತಿಗೂ ಮರೆತುಹೋಗುವ ಹಂತಕ್ಕೆ ಬಂದಿತ್ತು. ಎದುರಿಗೆ ಕೂತವರ ಕಣ್ಣಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಹಿಡಿದುಬಿಡುತ್ತಿದ್ದ. ತನ್ನ ಕಾಲಬುಡದಲ್ಲಿ ಏನು ನಡೆಯುತ್ತಿದೆ ಅನ್ನೋದು ಮಾತ್ರ ಯಾವ ನಂಬರಿನ ಗಾಜು ಹಾಕಿದರೂ ಅವನಿಗೆ ಕಾಣುತ್ತಿರಲಿಲ್ಲ.

ಹೊಲ ಅವನದಲ್ಲ, ಹೆಂಡತಿಯದು. ಅವಳ ಅಪ್ಪ ಬಿಟ್ಟುಹೋದದ್ದು, ಪೇಟೆ ದಾಟಿ ಬಸ್ಸಿನಲ್ಲಿ ಹೋಗಬೇಕು. ಈ ಸಲ ಅವಳು ಅಲ್ಲಿ ಕರಬೂಜ ಹಾಕಿದ್ದಳು. ಬೀಜ ತಾನೇ ಆರಿಸಿ, ಪಾತಿ ತಾನೇ ಮಾಡಿ, ಒಂದೊಂದು ಬಳ್ಳಿಯನ್ನೂ ಎಳೆಮಗುವಿನ ಹಾಗೆ ಎತ್ತಿ ಸರಿಸಿ ಬೆಳೆಸಿದ್ದಳು. ಕಾಯಿ ಮುಷ್ಟಿಗಾತ್ರಕ್ಕೆ ಬರುವ ಹೊತ್ತಿಗೆ ಪಕ್ಕದ ಹೊಲದವನ ಎಮ್ಮೆ ಬಂದು ಒಂದು ಮೂಲೆಯನ್ನು ಸವರಿಕೊಂಡು ಹೋಯಿತು. ಬೇಲಿ ಬೇಕು ಅನ್ನೋ ಮಾತು ಮನೆಯಲ್ಲಿ ಎದ್ದದ್ದು ಆಗ.

ಅವಳ ತಮ್ಮನದು ಸಿಮೆಂಟಿನ ಅಂಗಡಿ. ಬೇಲಿಗೆ ನೆಡುವ ಕಂಬವನ್ನೂ ಅವನೇ ಎರಕ ಹೊಯ್ಯಿಸಿ ಮಾರುತ್ತಿದ್ದ. "ಅಕ್ಕಾ, ನೀನು ಹ್ಞೂಂ ಅನ್ನು, ನಾಳೆನೇ ಲಾರಿ ಕಳಿಸ್ತೀನಿ," ಅಂದ. ಕೆಟ್ಟದ್ದು ಅಲ್ಲೇ. ಭಾವಮೈದುನನ ಕಂಬ ನಿಂತರೆ, ಅವನು ಊಟಕ್ಕೆ ಬಂದಾಗಲೆಲ್ಲ ಕಂಬದ ಯೋಗಕ್ಷೇಮ ವಿಚಾರಿಸುತ್ತಾನೆ. ಅದಕ್ಕೆ ಉತ್ತರ ಕೊಡುತ್ತಾ ಚಾಳೀಸಯ್ಯ ಅನ್ನ ನುಂಗಬೇಕು. ಆಗುವ ಕೆಲಸವೇ?

"ಸಿಮೆಂಟಾ? ಹೊಲ ಅಂದ್ರೆ ಹೊಲದ ಥರ ಕಾಣಬೇಕು, ಬಸ್ ಸ್ಟ್ಯಾಂಡಿನ ಥರ ಅಲ್ಲ. ಮರದ ಕಂಬಾನೇ ನೆಡೋದು. ಮರ ನಾನು ಆರಿಸ್ತೀನಿ."

"ನಿಮಗೆ ಮರದ ವಿಷಯ ಏನು ಗೊತ್ತು?" ಅಂದಳು ಹೆಂಡತಿ, ಪಾಸನ್ನು ಸೆರಗಿನಿಂದ ಒರೆಸುತ್ತಾ.

"ಏನೂ ಗೊತ್ತಿಲ್ಲ. ಹಾಗಾಗಿ ತಪ್ಪು ತಿಳ್ಕೊಂಡಿರೋದೂ ಏನೂ ಇಲ್ಲ."

"ಎಮ್ಮೆಗೂ ಏನೂ ಗೊತ್ತಿಲ್ಲ. ಅದು ನಿಮಗೋಸ್ಕರ ಕಾಯಲ್ಲ. ಬೇಗ ಆರಿಸಿ," ಅಂದು ಅವಳು ಬಸ್ಸಿಗೆ ಹೊರಟಳು.

ಸಾಮಿಲ್ಲಿನಲ್ಲಿ ಚಾಳೀಸಯ್ಯ ವಾರ್ಡಿಗೆ ಬಂದ ದೊಡ್ಡ ಡಾಕ್ಟರ ಹಾಗೆ ದಿಮ್ಮಿಗಳ ನಡುವೆ ಓಡಾಡಿದ. ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಇನ್ನೊಂದಕ್ಕೆ ಕಿವಿಗೊಟ್ಟ. ಮತ್ತೊಂದನ್ನು ಮೂಸಿ ನೋಡಿ ಒಂದೇ ಸಮನೆ ಸೀನಿದ. ಸಾಮಿಲ್ಲಿನವನು ಬೀಡಿ ಆರಿಸಿ, ಕೈಕಟ್ಟಿ ನಿಂತ.

"ಈ ನೀಲಗಿರಿ ಎಷ್ಟು ವರ್ಷ ಬಾಳುತ್ತೆ?"

"ನಿಮ್ಮನ್ನ ಕಳಿಸಿಕೊಟ್ಟು ಇನ್ನೂ ನಿಂತಿರುತ್ತೆ ಸಾರ್."

"ಜಾಲಿ?"

"ನಿಮ್ಮ ಮಕ್ಕಳನ್ನೂ ಕಳಿಸಿಕೊಡುತ್ತೆ."

"ಹಾಗಾದ್ರೆ ತೇಗ?"

ಸಾಮಿಲ್ಲಿನವನು ನಿಟ್ಟುಸಿರು ಬಿಟ್ಟ. "ತೇಗದ ವಿಷಯ ಹೇಳೋಕೆ ಆ ಹೊತ್ತಿಗೆ ಯಾರೂ ಉಳಿದಿರಲ್ಲ ಸಾರ್."

ಬೇಲಿ ಹಾಕಲು ಹೋದವನಿಗೆ ವಂಶವೇ ಮುಗಿದ ಹಾಗಾಯಿತು. ಅಲ್ಲಿಂದ ನೇರ ಬಡಗಿಯ ಹತ್ತಿರ ಹೋದ. ಬಡಗಿ ನೀಲಗಿರಿಯ ಹೆಸರೆತ್ತುತ್ತಲೇ ಮುಖ ಹಿಂಡಿದ. "ಅದು ಬಿಸಿಲಿಗೆ ತಿರುಚಿಕೊಂಡು ಪಕ್ಕದವನ ಹೊಲ ನೋಡ್ತಾ ನಿಲ್ಲುತ್ತೆ. ಬೇವು ಹಾಕಿ. ಕಹಿಗೆ ಹುಳ ಹತ್ತಿರ ಸುಳಿಯಲ್ಲ." ಅವನ ಕೊಟ್ಟಿಗೆಯಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದದ್ದು ಬೇವೇ ಅನ್ನೋದನ್ನು ಚಾಳೀಸಯ್ಯ ಗಮನಿಸಿದ. ಅಷ್ಟರ ಮಟ್ಟಿಗೆ ಜಾಣ.

ಅಂಗಡಿಗೆ ಬಂದ ಗಿರಾಕಿಗಳನ್ನೂ ಬಿಡಲಿಲ್ಲ. ಒಬ್ಬ ಮುದುಕನನ್ನು ಕೂರಿಸಿ, ಒಂದು ಕಣ್ಣಿಗೆ ರಟ್ಟು ಮುಚ್ಚಿ, "ಮೂರನೇ ಸಾಲು ಓದಿ. ಅಂದ ಹಾಗೆ, ಬೇಲಿಗೆ ಯಾವ ಮರ ಒಳ್ಳೇದು?" ಅಂದ. ಮುದುಕ ಕುತ್ತಿಗೆ ಚಾಚಿ ಚಾಚಿ ನೋಡಿ ಗಾಬರಿಯಾದ. "ಮೂರನೇ ಸಾಲಲ್ಲಿ ನನಗೆ ಮರ ಕಾಣಿಸ್ತಾನೇ ಇಲ್ಲಪ್ಪಾ," ಅಂದ.

ಕೇಳಿದಷ್ಟೂ ಬಾಯಿ, ಬಾಯಿಗೊಂದು ಮರ. ಕೊನೆಗೆ ಚಾಳೀಸಯ್ಯನಿಗೆ ಜ್ಞಾನೋದಯವಾಯಿತು. ಅದಾದದ್ದು ಬಚ್ಚಲಲ್ಲಿ, ತಲೆಗೆ ಸೋಪು ಹಾಕಿಕೊಂಡಿದ್ದಾಗ. ಹಾಗೇ ಬಾಗಿಲು ತೆರೆದು ತಲೆ ಹೊರಗೆ ಹಾಕಿ ಕೂಗಿದ.

"ಮಾರೋರನ್ನ ಕೇಳಬಾರದು ಕಣೇ. ತಿನ್ನೋರನ್ನ ಕೇಳಬೇಕು."

"ಯಾರು ತಿನ್ನೋರು?"

"ಗೆದ್ದಲು."

ಅವಳು ಹೊರಗಿನಿಂದ ಬಚ್ಚಲ ಬಾಗಿಲು ಎಳೆದು ಮುಚ್ಚಿದಳು. ಮದುವೆಯಾದ ಮೇಲೆ ಇಂಥ ಕಡೆ ಬಾಗಿಲು ಮುಚ್ಚುವುದನ್ನು ಚೆನ್ನಾಗಿ ಕಲಿತಿದ್ದಳು.

ಚಾಳೀಸಯ್ಯ ಎಲ್ಲ ಜಾತಿಯ ಮರದ ಒಂದೊಂದು ತುಂಡು ತಂದು, ಹಿತ್ತಲಲ್ಲಿ ಅಡುಗೆಮನೆಯ ಗೋಡೆ ಪಕ್ಕ ಸಾಲಾಗಿ ಅರ್ಧ ಹೂತು ನಿಲ್ಲಿಸಿದ. ಕನ್ನಡಕದ ಡಬ್ಬಿಯ ರಟ್ಟು ಕತ್ತರಿಸಿ, ಒಂದೊಂದಕ್ಕೂ ಹೆಸರು ಬರೆದು ಕಟ್ಟಿದ.

"ಇದೇನು, ಯಾರನ್ನ ಹೂತಿದ್ದೀರಿ?" ಅಂದಳು ಹೆಂಡತಿ.

"ಇದು ಪರೀಕ್ಷಾ ಕೇಂದ್ರ. ಯಾವುದನ್ನ ಗೆದ್ದಲು ಮುಟ್ಟಲ್ಲವೋ ಅದೇ ನಮ್ಮ ಕಂಬ."

ಕೇಂದ್ರ ಸಿದ್ಧವಾಯಿತು, ಪರೀಕ್ಷಕರು ಮಾತ್ರ ಬರಲಿಲ್ಲ. ಚಾಳೀಸಯ್ಯ ಬೆಳಿಗ್ಗೆ ಎದ್ದು ಭೂತಗನ್ನಡಿ ಹಿಡಿದು ಮಂಡಿಯೂರಿ ನೋಡುತ್ತಿದ್ದ. ಒಂದು ಇರುವೆ ಬಂದು ತೇಗವನ್ನು ಹತ್ತಿ ಇಳಿದು ಹೋಯಿತು. ಅಷ್ಟೇ. ಆ ಬೀದಿಯಲ್ಲಿ ಯಾರ ಮನೆಯಲ್ಲೂ ಗೆದ್ದಲಿರಲಿಲ್ಲ. ಬೇರೆಯವರಾದರೆ ಪುಣ್ಯ ಅಂದುಕೊಳ್ಳುತ್ತಿದ್ದರು. ಇವನಿಗೆ ಅವಮಾನವಾಯಿತು.

ಒಂದು ದಿನ, "ಬೇಲಿ ಅಳತೆ ತಗೋಬೇಕು, ನಾನೂ ಹೊಲಕ್ಕೆ ಬರ್ತೀನಿ," ಅಂದ. ಹೆಂಡತಿಗೆ ಖುಷಿಯಾಗಿ ಮೂರು ಡಬ್ಬಿಯ ಕ್ಯಾರಿಯರ್ ತುಂಬ ಊಟ ಕಟ್ಟಿಕೊಂಡಳು. ಊಟವಾದ ಮೇಲೆ ಅವಳು ಬಳ್ಳಿಗಳ ಕಡೆ ಹೋದಳು. ಇವನು ಬದುವಿನ ಆಚೆಗಿದ್ದ ಹುತ್ತದ ಹತ್ತಿರ ಹೋಗಿ, ಮಚ್ಚಿನಿಂದ ಬುಡ ಅಗೆದು, ಗೆದ್ದಲು ಮಿಜಿಗುಡುವ ಹೆಂಟೆಗಳನ್ನು ಮೂರೂ ಡಬ್ಬಿಗೆ ತುಂಬಿಸಿ ಮುಚ್ಚಳ ಬಿಗಿದ. ಕೆಳಗಿನ ಡಬ್ಬಿಯಲ್ಲಿ ಬೆರಳು ಗಾತ್ರದ ರಾಣಿ ಹುಳ ಮಲಗಿತ್ತು. ಬಸ್ಸಿನಲ್ಲಿ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಂದ. ಹೆತ್ತ ಮಗುವನ್ನೂ ಯಾರೂ ಅಷ್ಟು ಜೋಪಾನವಾಗಿ ಮನೆಗೆ ತಂದಿರಲಾರರು.

"ಡಬ್ಬಿಯಲ್ಲಿ ಮಣ್ಣು ಹೇಗೆ ಬಂತು?" ಅಂತ ಪಾತ್ರೆ ತೊಳೆಯುವಾಗ ಹೆಂಡತಿ ಕೇಳಿದಳು.

"ಕೆಳಗೆ ಬಿತ್ತು," ಅಂದ. ಯಾವುದು, ಎಲ್ಲಿ ಅಂತ ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಆಮೇಲೆ ನೋಡಬೇಕಿತ್ತು ಉಪಚಾರ. ಮರದ ತುಂಡುಗಳ ಬುಡಕ್ಕೆ ಸುರಿದಿದ್ದ ಹೆಂಟೆಗಳಿಗೆ ಗೋಣಿತಾಟು ನೆನೆಸಿ ಹೊದಿಸಿದ. ಹಳೇ ಪೇಪರು ಹರಿದು ಹಾಸಿದ. ಸಂಜೆ ಅಂಗಡಿ ಮುಚ್ಚಿ ಬಂದವನೇ ಚಪ್ಪಲಿ ಬಿಡದೆ ಹಿತ್ತಲಿಗೆ ಹೋಗಿ ನೀರು ಚಿಮುಕಿಸುತ್ತಿದ್ದ. ಹಿಂದೆ ಅತ್ತೆ ಮಾವ ಬರುತ್ತಿದ್ದಾಗ ಒಂದು ಲೋಟ ನೀರು ತಂದುಕೊಟ್ಟವನಲ್ಲ. ಅಡುಗೆಮನೆಯ ಗೋಡೆ ಬುಡದಲ್ಲಿ ಮಣ್ಣಿನ ಗೆರೆಯೊಂದು ಕಂಡಾಗ ಹೆಂಡತಿ ಸೀಮೆಎಣ್ಣೆ ಡಬ್ಬ ತಂದಳು. ಇವನು ಅಡ್ಡ ನಿಂತ.

"ಪರೀಕ್ಷೆ ನಡೀತಿರುವಾಗ ಪರೀಕ್ಷಕರಿಗೆ ವಿಷ ಹಾಕ್ತಾರಾ?"

"ಗೆರೆ ಗೋಡೆ ಮೇಲೆ ಹೋಗ್ತಿದೆ."

"ಮರ ಎಲ್ಲಿದೆ ಅಂತ ಹುಡುಕ್ತಿವೆ. ದಾರಿ ತಪ್ಪಿವೆ ಪಾಪ."

ಆ ವಾರ ಎಮ್ಮೆ ಮತ್ತೆ ಬಂತು. ಹೆಂಡತಿ ಹೊಲದಿಂದ ಬಂದವಳೇ ಚೀಲದಿಂದ ಅರ್ಧ ಕಚ್ಚಿದ ಕರಬೂಜವೊಂದನ್ನು ತೆಗೆದು, ಅವನ ಊಟದ ತಟ್ಟೆಯ ಪಕ್ಕ ಇಟ್ಟಳು. ಸಿಪ್ಪೆ ಹಳದಿಗೆ ತಿರುಗಿತ್ತು. ಹಣ್ಣಿನ ವಾಸನೆ ಕೋಣೆಯೆಲ್ಲ ತುಂಬಿತು.

"ನಾಳಿದ್ದು ಕೊಯ್ಯೋದಿತ್ತು," ಅಂದಳು. ದನಿ ಏರಿಸಲಿಲ್ಲ. ಕೈ ತೊಳೆಯಲು ಒಳಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಚಾಳೀಸಯ್ಯ ತಟ್ಟೆ ಪಕ್ಕಕ್ಕೆ ಸರಿಸಿದ. ಎದ್ದು ಹೋಗಿ ಭಾವಮೈದುನನಿಗೆ ಒಂದು ಫೋನು ಮಾಡಿಬಿಡಲೇ ಅಂತ ನಿಜಕ್ಕೂ ಯೋಚಿಸಿದ. ಫೋನನ್ನು ಕೈಗೂ ತೆಗೆದುಕೊಂಡ. ಆದರೆ ಆ ಕಡೆಯಿಂದ ಬರುವ "ಹೇಳಿ ಭಾವ" ಅನ್ನೋ ದನಿ ನೆನಪಾಯಿತು. ಇಟ್ಟುಬಿಟ್ಟ. "ಭಾನುವಾರ ಫಲಿತಾಂಶ. ಸೋಮವಾರ ಕಂಬ," ಅಂತ ನಲ್ಲಿಯ ಸದ್ದಿನ ಕಡೆಗೆ ಕೂಗಿ ಹೇಳಿದ.

ಭಾನುವಾರ ಭಾವಮೈದುನನನ್ನೇ ಕರೆಸಿದ. ಮರದ ಗೆಲುವನ್ನು ಸಿಮೆಂಟು ಕಣ್ಣಾರೆ ನೋಡಲಿ ಅಂತ. ಅವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ಹಿತ್ತಲ ಬಾಗಿಲಲ್ಲಿ ನಿಂತ. ಹೆಂಡತಿ ಮೆಟ್ಟಿಲ ಮೇಲೆ ಕೂತಳು. ಚಾಳೀಸಯ್ಯ ಪಂಚೆ ಮೇಲಕ್ಕೆ ಕಟ್ಟಿ ಮೊದಲ ತುಂಡನ್ನು ಕಿತ್ತ.

ಒಂದು ಗೀರೂ ಇರಲಿಲ್ಲ. ಎರಡನೆಯದನ್ನು ಕಿತ್ತ. ಅದೂ ಹೂತ ದಿನ ಹೇಗಿತ್ತೋ ಹಾಗೇ. ಹೀಗೆ ಕೊನೆಯದರವರೆಗೂ ಒಂದನ್ನೂ ಗೆದ್ದಲು ಮುಟ್ಟಿರಲಿಲ್ಲ. ಹೆಸರು ಬರೆದ ರಟ್ಟಿನ ಚೀಟಿಗಳನ್ನು ಮಾತ್ರ ಚೊಕ್ಕವಾಗಿ ತಿಂದು ಮುಗಿಸಿದ್ದವು. ಯಾವುದು ತೇಗ, ಯಾವುದು ಬೇವು ಅಂತ ಈಗ ದೇವರೇ ಹೇಳಬೇಕು. ಚಾಳೀಸಯ್ಯನಿಗೆ ಅದರ ಚಿಂತೆಯೇ ಇಲ್ಲ.

"ನೋಡಿದ್ಯಾ? ಎಲ್ಲಾ ಮರಾನೂ ಪಾಸು," ಅಂದ, ಮಣ್ಣಿನ ಕೈಯನ್ನು ಸೊಂಟದ ಮೇಲಿಟ್ಟು.

"ಅಲ್ಲ ಭಾವ, ಹಾಗಾದ್ರೆ ಇಷ್ಟು ದಿನ ಗೆದ್ದಲು ಏನು ತಿಂದ್ಕೊಂಡಿತ್ತು?" ಅಂತ ಕೇಳುತ್ತಾ ಭಾವಮೈದುನ ಬಾಗಿಲ ಚೌಕಟ್ಟಿಗೆ ಕೈ ಊರಿದ.

ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು.

ಮೇಲೆ ಬಳಿದ ಹಸಿರು ಬಣ್ಣವೊಂದೇ ಚೌಕಟ್ಟಿನ ಆಕಾರ ಹಿಡಿದು ನಿಂತಿತ್ತು. ಅವನು ಗಾಬರಿಯಾಗಿ ಕೈ ಎಳೆದುಕೊಂಡ. ಚೌಕಟ್ಟು ಅವನ ಜೊತೆ ಬಂತು. ಚೌಕಟ್ಟಿನ ಜೊತೆ ಬಾಗಿಲು ಬಂತು. ಒಳಗೆ ಅಡುಗೆಮನೆಯ ಅಟ್ಟ ಕಿರ್ರ್ ಅಂತ ಒಂದು ಕಡೆ ವಾಲಿ, ಮೇಲಿದ್ದ ಪಾತ್ರೆಗಳು ಒಂದರ ಹಿಂದೊಂದು ಇಳಿದವು. ಹೆಂಡತಿ ಓಡಿಹೋಗಿ ಕೋಣೆಯ ಮರದ ಬೀರು ತೆಗೆಯಲು ಹಿಡಿ ಎಳೆದಳು. ಹಿಡಿ ಕೈಯಲ್ಲಿ ಉಳಿಯಿತು, ಬೀರು ಹಿಟ್ಟಾಗಿ ಕಾಲಬುಡದಲ್ಲಿ ಕೂತಿತು.

ಬಡಗಿ ಬಂದು ಕೋಣೆಯಿಂದ ಕೋಣೆಗೆ ತಟ್ಟುತ್ತಾ ಹೋದ. "ಇದು ಹೋಯ್ತು. ಇದೂ ಹೋಯ್ತು. ಇದು ಯಾವತ್ತೋ ಹೋಗಿದೆ." ಕೊನೆಗೆ ತಲೆ ಎತ್ತಿ ನಡುಮನೆಯ ತೊಲೆ ನೋಡಿದ. "ಮೊದಲು ಇದಕ್ಕೆ ಆನಿಸಿ ನಿಲ್ಲಿಸೋಕೆ ಗಟ್ಟಿ ಕಂಬ ಬೇಕು. ಇವತ್ತೇ ಬೇಕು."

ಎಲ್ಲರೂ ಭಾವಮೈದುನನ ಮುಖ ನೋಡಿದರು. ಅವನು ನಕ್ಕಿದ್ದರೂ ಚಾಳೀಸಯ್ಯ ಸಹಿಸುತ್ತಿದ್ದ. ಅವನು ನಗಲಿಲ್ಲ. ಬಹಳ ಮರ್ಯಾದೆಯಿಂದ, "ಲಾರಿ ಕಳಿಸ್ಲಾ ಭಾವ?" ಅಂದ.

ಚಾಳೀಸಯ್ಯ "ಹ್ಞೂಂ" ಅಂದದ್ದು ಕೇಳಿಸದೆ, ಎರಡನೇ ಸಲ ಹೇಳಬೇಕಾಯಿತು.

ಸಿಮೆಂಟಿನ ಕಂಬಗಳು ಮುಂಬಾಗಿಲಿಂದಲೇ ಒಳಗೆ ಬಂದವು. ಅಡುಗೆಮನೆಯಲ್ಲಿ ನಿಂತವು, ಮಲಗುವ ಕೋಣೆಯಲ್ಲಿ ನಿಂತವು. ಒಂದು ನಡುಮನೆಯಲ್ಲಿ, ಸರಿಯಾಗಿ ಚಾಳೀಸಯ್ಯನ ಕುರ್ಚಿಗೂ ಟಿವಿಗೂ ಮಧ್ಯೆ ನಿಂತಿತು. ಮಿಕ್ಕ ಕಂಬಗಳ ಜೊತೆ ಹೆಂಡತಿ ಲಾರಿ ಹತ್ತಿ ಹೊಲಕ್ಕೆ ಹೋದಳು. ಮಾರನೇ ದಿನ ಕತ್ತಲಾಗುವ ಮುಂಚೆ ಬೇಲಿ ಎದ್ದಿತ್ತು. ಎಮ್ಮೆ ಬಂದು, ತಂತಿಯ ಆಚೆ ನಿಂತು, ಬಳ್ಳಿಯ ಕಡೆ ನೋಡಿ, ಸಗಣಿ ಹಾಕಿ ವಾಪಸ್ಸು ಹೋಯಿತಂತೆ.

ಅದರ ಮಾರನೇ ದಿನ ಗೆದ್ದಲಿಗೆ ಔಷಧಿ ಹೊಡೆಯುವವನು ಬಂದ. ಉಳಿದ ಕಂಬಗಳನ್ನು ಒಯ್ಯಲು ಭಾವಮೈದುನನೂ ಬಂದಿದ್ದ. ಔಷಧಿಯವನು ಮನೆ ಸುತ್ತಿ ತಲೆ ಕೆರೆದುಕೊಂಡ.

"ವಿಚಿತ್ರ ಸಾರ್. ಈ ಬೀದೀಲಿ ಇನ್ಯಾರ ಮನೇಲೂ ಒಂದು ಹುಳ ಇಲ್ಲ. ನಿಮ್ಮನೆಗೆ ಎಲ್ಲಿಂದ ಬಂತು?"

ಹೆಂಡತಿಯೂ ತಿರುಗಿ ನೋಡಿದಳು. ಎಲ್ಲಿಂದ ಬಂತು ಅಂತ ಅವಳಿಗೂ ಗೊತ್ತಿರಲಿಲ್ಲ.

ಚಾಳೀಸಯ್ಯ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. "ಬಸ್ಸಲ್ಲಿ," ಅಂದ.

"ಬಸ್ಸಲ್ಲಾ?"

"ಹುತ್ತದಿಂದ ನಾನೇ ತಂದೆ. ಊಟದ ಕ್ಯಾರಿಯರಲ್ಲಿ. ರಾಣಿ ಸಮೇತ."

ಔಷಧಿಯವನು ಪಂಪಿನ ಹಿಡಿ ಬಿಟ್ಟ. ಭಾವಮೈದುನ ಗೋಡೆಯ ಕಡೆ ಮುಖ ಮಾಡಿ ನಿಂತ, ಅವನ ಭುಜ ಕುಣಿಯುತ್ತಿತ್ತು. ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಎಲ್ಲಾ ಕಂಬ ಒಯ್ಯಬೇಡ ಕಣೋ. ಒಂದನ್ನ ಹಿತ್ತಲಲ್ಲಿ ನೆಟ್ಟು ಹೋಗು."

"ಹಿತ್ತಲಲ್ಲಿ ಯಾಕಕ್ಕಾ?"

"ಹೊರಗಿನ ಎಮ್ಮೆ ಬೇಲಿ ನೋಡಿ ಸುಮ್ಮನಾಯ್ತು. ಒಳಗಿರೋದನ್ನ ಕಟ್ಟಿಹಾಕೋಕೆ ಒಂದು ಬೇಡ್ವಾ?"

ಕಟ್ಟುವ ಹಗ್ಗದಲ್ಲಿ ಎಷ್ಟು ಬಗೆ ಇದೆ, ಯಾವುದು ಬಹುಕಾಲ ಬಾಳುತ್ತೆ ಅಂತ ಹೇಳಲು ಚಾಳೀಸಯ್ಯ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.