ಹನ್ನೆರಡು ಮನೆಗೊಂದು ಅಂಗಳ

ನಗರಸಭೆಯ ನೋಟಿಸಿಗೆ ಎರಡು ಪುಟವಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ಓದಿದ್ದು ಒಂದೇ. ಅಷ್ಟಕ್ಕೇ ಅವನು ಎದ್ದು ಅಂಗಳಕ್ಕೆ ಓಡಿದ್ದ. ಹನ್ನೆರಡು ಮನೆಗಳ ಕಟ್ಟಡಕ್ಕಿರುವ ಅಂಗಳ ಎಲ್ಲರಿಗೂ ಸೇರಿದ್ದು, ಅಲ್ಲಿ ಯಾರೊಬ್ಬರ ಸ್ವಂತ ಸಾಮಾನೂ ಇರಕೂಡದು, ಇದ್ದರೆ ವಾಸದ ಅನುಮತಿ ರದ್ದು. ತಪಾಸಣೆ ಇವತ್ತೇ, ನಾಲ್ಕು ಗಂಟೆಗೆ.

ಈ ಹುದ್ದೆ ಅವನು ಬೇಡಿ ಪಡೆದದ್ದಲ್ಲ. ಜ್ವರವೆಂದು ಸಭೆಗೆ ಹೋಗದೆ ಮಲಗಿದ್ದ ದಿನ ಎಲ್ಲರೂ ಒಮ್ಮತದಿಂದ ಅವನನ್ನೇ ಆರಿಸಿದ್ದರು. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಬದುಕಿದ ಮೇಲೆ ಸಿಕ್ಕಿದ ಸ್ವಂತ ಮನೆಯಿದು, ನೆಲಮಹಡಿಯ ಒಂದನೇ ನಂಬರು, ಎರಡು ಕೋಣೆ. ಅದೂ ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದು?

ಅಂಗಳ ನೋಡಿದರೆ ಥೇಟ್ ಸಂತೆ. ನಿವೃತ್ತ ಮೇಷ್ಟ್ರ ಮರದ ಬೆಂಚು, ಮೂರನೇ ಮಹಡಿಯ ಅಜ್ಜಿಯ ನಲವತ್ತು ಹೂಕುಂಡ, ದರ್ಜಿಯ ಮಕ್ಕಳ ಉಯ್ಯಾಲೆ, ಕೇರಂ ಬೋರ್ಡು. ತೆಗೆಯಿರಿ ಎಂದು ಮನೆಮನೆ ಅಲೆದರೆ ಒಬ್ಬೊಬ್ಬರಿಗೂ ಒಂದೊಂದು ನೆಪ. ಮೇಷ್ಟ್ರಿಗೆ ಸೊಂಟನೋವು, ಒಂದು ಚೊಂಬು ಎತ್ತಲೂ ಆಗದು. ದರ್ಜಿಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅಜ್ಜಿ ಮಾತ್ರ ದಾರಿ ತೋರಿಸಿದಳು.

"ಮೂರು ಮಹಡಿ ಹತ್ತಿಸಿದ್ರೆ ನನ್ನ ಗಿಡ ಬಾಡ್ತವೆ. ನಿನ್ನ ಬಾಗಿಲು ಪಕ್ಕದಲ್ಲೇ ಇದೆಯಲ್ಲಪ್ಪ, ಒಂದಿನದ ಮಟ್ಟಿಗೆ ನೀನೇ ಇಟ್ಕೋ."

ಆ ಮಾತು ಕಟ್ಟಡವಿಡೀ ಹಬ್ಬಲು ಐದು ನಿಮಿಷ ಸಾಕಾಯಿತು. ಮೂರೂವರೆಗೆ ಅಂಗಳ ಅಂಗೈಯಂತೆ ಬೋಳಾಗಿತ್ತು. ಬೆಂಚು ಅವನ ನಡುಮನೆ ಸೇರಿತು, ಕುಂಡಗಳು ಗೋಡೆಗುಂಟ ನಿಂತವು, ಉಯ್ಯಾಲೆ ಒಳಬಾಗಿಲ ಚೌಕಟ್ಟಿಗೆ ಏರಿತು. ಸಾಮಾನಿನ ಹಿಂದೆಯೇ ಒಡೆಯರೂ ಬಂದರು. ಮೇಷ್ಟ್ರು ರೂಢಿಯಂತೆ ಬೆಂಚಿನ ಮೇಲೆ ಒರಗಿದರೆ, ಅಜ್ಜಿ ಗಿಡಗಳಿಗೆ ನೀರು ಹಾಕತೊಡಗಿದಳು. ನಾನೆಲ್ಲಿ ನಿಲ್ಲಲಿ ಎಂದು ಹೆಂಡತಿ ಕೇಳಿದಾಗ, ಸಂಜೆವರೆಗೆ ತಡೆದುಕೋ, ಮನೆ ಉಳಿದರೆ ಸಾಕು ಎಂದು ಅವನು ಬೇಡಿಕೊಂಡ.

ತಪಾಸಣಾಧಿಕಾರಿ ನಾಲ್ಕಕ್ಕೆ ಸರಿಯಾಗಿ ಬಂದರು. ಬೋಳು ಅಂಗಳವನ್ನು ಎರಡು ಸುತ್ತು ಹಾಕಿ ಹುಬ್ಬು ಗಂಟಿಕ್ಕಿದರು.

"ಎರಡನೇ ಪುಟ ಓದಿದ್ರಾ?"

ಕಾರ್ಯದರ್ಶಿ ಜೇಬಿನಲ್ಲಿ ನೋಟಿಸಿಗಾಗಿ ತಡಕಾಡಿದ. ಅಧಿಕಾರಿಯೇ ಓದಿ ಹೇಳಿದರು. ಕಟ್ಟಡಕ್ಕೆ ಎಲ್ಲರೂ ಸೇರುವ ಒಂದು ಜಾಗವಿರಬೇಕು, ಅಲ್ಲಿ ಎಲ್ಲರೂ ಬಳಸುವ ಬೆಂಚು, ಗಿಡ, ಮಕ್ಕಳ ಆಟದ ಸಾಮಾನು ಇರಲೇಬೇಕು. ನಿವಾಸಿಗಳು ದಿನವೂ ಅಲ್ಲಿ ಸೇರುತ್ತಿರಬೇಕು. ಅಂಥ ಜಾಗ ಹೊರಗಾದರೂ ಸರಿ, ಒಳಗಾದರೂ ಸರಿ. ಇಲ್ಲವಾದರೆ ಅನುಮತಿ ರದ್ದು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಅವನು ಓಡಿಹೋಗಿ ತನ್ನ ಮನೆಯ ಬಾಗಿಲನ್ನು ಹಾರುಹೊಡೆದ.

"ಇಲ್ಲಿದೆ ಸಾರ್, ಎಲ್ಲಾ ಒಳಗಿದೆ."

ಒಳಗೆ ಮಕ್ಕಳು ಉಯ್ಯಾಲೆಯಲ್ಲಿ ಜೀಕುತ್ತಿದ್ದರು. ದರ್ಜಿ ಕೇರಂ ಆಟದಲ್ಲಿ ಮುಳುಗಿದ್ದ. ಅಧಿಕಾರಿಯ ಹುಬ್ಬು ಸಡಿಲವಾಯಿತು.

"ದಿನಾ ಇಲ್ಲೇ ಸೇರ್ತಾರಾ?"

"ದಿನಾ ಸಾರ್. ಎಲ್ಲರೂ."

ಅವರು ಎರಡೂ ಕೋಣೆ ಅಳೆದು, ಬರೆದು, ಸಹಿ ಹಾಕಿ, ಕಾಗದವನ್ನು ಅವನ ಕೈಗಿತ್ತು ಹೊರಟುಹೋದರು. ಅನುಮತಿ ಉಳಿಯಿತು. ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. ಈ ಸಲ ಮಾತ್ರ ಕಾಗದವನ್ನು ಕೊನೆಯವರೆಗೆ ಓದಿದ.

'ನೆಲಮಹಡಿಯ ಒಂದನೇ ಮನೆ ಎಲ್ಲಾ ನಿವಾಸಿಗಳಿಗೂ ಸೇರಿದ ಜಾಗ. ಇಲ್ಲಿ ಯಾರೊಬ್ಬರ ಸ್ವಂತ ಸಾಮಾನೂ ಇರಕೂಡದು.'

ತಲೆಯೆತ್ತಿದರೆ, ಹೆಗಲ ಮೇಲಿಂದ ಇಣುಕಿ ಅದನ್ನು ಓದಿಕೊಂಡಿದ್ದ ಮೇಷ್ಟ್ರು ಆಗಲೇ ಅವನ ಹಾಸಿಗೆ ಸುತ್ತಿ ಹೊತ್ತುಕೊಂಡು ಅಂಗಳದತ್ತ ನಡೆದಿದ್ದರು. ಸೊಂಟನೋವಿನ ಸುಳಿವೂ ಇರಲಿಲ್ಲ.