ಹುಳುಮನೆಗೆ ನುಗ್ಗಿದ ರೇಸ್ ಕಾರು

ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಹನ್ನೊಂದು ವರ್ಷ ಕಪ್ಪು ಹಲಗೆಯ ಮೇಲೆ ಬರೆದವನಿಗೆ ನಿಜವಾದ ಎಂಜಿನ್ ಒಂದು ಲೆಕ್ಕವೇ ಅಲ್ಲ ಎಂದು ನಾನು ನಂಬಿದ್ದೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಊರಿನಲ್ಲಿ ಉಳಿದವರೆಲ್ಲ ರೇಷ್ಮೆ ಹುಳ ಸಾಕುವವರು, ನೂಲು ತೆಗೆಯುವವರು, ಇಲ್ಲವೇ ಆ ಇಬ್ಬರ ಮಧ್ಯೆ ನಿಂತು ಬಾಯಿ ಮಾಡುವವರು. ಅವರ ಬುದ್ಧಿಯ ಬಗ್ಗೆ ನನಗಿದ್ದ ತಾತ್ಸಾರ ಸಣ್ಣದಲ್ಲ. ನನ್ನ ಬುದ್ಧಿಯ ಬಗ್ಗೆ ಇದ್ದ ಗೌರವವೂ ಸಣ್ಣದಲ್ಲ. ಎರಡನ್ನೂ ಅದಲು ಬದಲು ಮಾಡಿಟ್ಟುಕೊಂಡಿದ್ದೆ ಎಂಬುದು ಆಮೇಲೆ ತಿಳಿಯಿತು.

ಚಿಕ್ಕಬಳ್ಳಾಪುರದ ಒಬ್ಬ ವಕೀಲರ ಹಿತ್ತಿಲಿನಲ್ಲಿ, ಹುಣಸೆ ಮರದ ಕೆಳಗೆ, ಒಂದು ಹಳೇ ರೇಸ್ ಕಾರು ಬಿದ್ದಿತ್ತು. ಯಾರೋ ಬಿಳಿ ದೊರೆ ದೇಶ ಬಿಡುವಾಗ ಬಿಟ್ಟುಹೋದದ್ದಂತೆ. ಎರಡೇ ಸೀಟು, ಉದ್ದನೆಯ ಮೂತಿ, ತಲೆಯ ಮೇಲೆ ಮುಚ್ಚಳವಿಲ್ಲ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. "ತಗೊಂಡು ಹೋಗಿ ಮೇಷ್ಟ್ರೇ, ಸುಮ್ಮನೆ ಕೊಡ್ತೀನಿ" ಎಂದರು ವಕೀಲರು. ವಕೀಲರು ಸುಮ್ಮನೆ ಕೊಡುತ್ತೇನೆ ಎಂದಾಗ ಬುದ್ಧಿ ಇರುವವನು ಅಲ್ಲಿಂದ ಓಡಬೇಕು. ನಾನು ಎತ್ತು ಕಟ್ಟಿಸಿದೆ.

ಎರಡು ಎತ್ತುಗಳು ಮುಂದೆ, ಹಗ್ಗದ ತುದಿಗೆ ಕಾರು, ಕಾರಿನಲ್ಲಿ ಕೋಟು ಪೇಟ ಹಾಕಿಕೊಂಡು ಸ್ಟೀರಿಂಗ್ ಹಿಡಿದ ನಾನು. ಹೀಗೆ ಶಿಡ್ಲಘಟ್ಟದ ಪೇಟೆ ಬೀದಿಗೆ ನನ್ನ ಪ್ರವೇಶವಾಯಿತು. ನಮ್ಮ ಪಕ್ಕದ ಮನೆಯ ಮುನಿಶಾಮಪ್ಪ ಜಗಲಿಯಿಂದಲೇ ಕೂಗಿದ.

"ಏಮಿ ಮೇಷ್ಟ್ರೇ, ಎತ್ತಿಗೆ ಪೆಟ್ರೋಲ್ ಹಾಕಿಸಿದ್ರಾ?"

ಇಂಥ ಅಜ್ಞಾನಿಗಳಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಮ್ಮಿ. ಮೀಸೆ ತಿರುವಿಕೊಂಡು ಮುಂದೆ ಸಾಗಿದೆ.

ಊರಿನವರಂತೆ ನನ್ನ ಹೆಂಡತಿ ಸಾವಿತ್ರಮ್ಮನೂ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಅವಳು ಕಾರನ್ನು ಒಂದು ಸುತ್ತು ಹಾಕಿ ನೋಡಿದಳು. "ಹಿತ್ತಿಲ ಮೂಲೇಲಿ ಇಟ್ಕೊಳ್ಳಿ. ಹುಳುಮನೆ ಹತ್ರ ಮಾತ್ರ ಇದು ಸುಳೀಬಾರದು ಕಣ್ರೀ. ಸೀಮೆಎಣ್ಣೆ ವಾಸನೆ ಬಡಿದ್ರೆ ಹುಳ ಸೊಪ್ಪು ತಿನ್ನೋದೇ ಬಿಡ್ತವೆ."

ಹುಳ ಸಾಕುವ ಮನೆಯ ಕಟ್ಟಳೆಗಳು ಒಂದೆರಡಲ್ಲ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಬೀಡಿ ಸೇದಿ ಬಂದವನು ಹೊಸ್ತಿಲು ದಾಟುವಂತಿಲ್ಲ, ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ. ನನ್ನ ಮದುವೆಯಲ್ಲಿ ಅಳಿಯನಿಗೂ ಇಷ್ಟು ಉಪಚಾರ ನಡೆದಿರಲಿಲ್ಲ. ಮೂಢನಂಬಿಕೆ ಎಂದು ಮನಸ್ಸಿನಲ್ಲೇ ನಕ್ಕೆ.

ಆದರೆ ಆ ವರ್ಷದ ಬೆಳೆ ಹುಡುಗಾಟದ್ದಲ್ಲ. ಮಗಳು ವಿಮಲ ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದಳು. ಬೆಂಗಳೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಕಾಲೇಜು, ಹಾಸ್ಟೆಲು ಎಲ್ಲವೂ ಅವಳಮ್ಮನ ಹುಳದ ಮೇಲೇ ನಿಂತಿತ್ತು, ಏಕೆಂದರೆ ಮೇಷ್ಟ್ರ ಸಂಬಳ ಮೇಷ್ಟ್ರ ಠೀವಿಗೇ ಸಾಲುತ್ತಿರಲಿಲ್ಲ. ಬೆಳೆ ಕೈಗೆ ಬಂದರೆ ಹುಡುಗಿ ಕಾಲೇಜಿಗೆ. ಬರದಿದ್ದರೆ ಗೌರಿಬಿದನೂರಿನ ಸೋದರಮಾವನ ಮಗನಿಗೆ. ಆ ಮಹಾನುಭಾವ ಎಂಟನೇ ಕ್ಲಾಸಿನಲ್ಲಿ ಮೂರು ವರ್ಷ ತಪಸ್ಸು ಮಾಡಿ ಎದ್ದುಬಂದವನು. ವಿಮಲಳಿಗೆ ಅವನ ಹೆಸರೆತ್ತಿದರೆ ಅನ್ನ ಸೇರುತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? "ಮಗಳನ್ನ ನನ್ನ ಕಾರಲ್ಲೇ ಕಾಲೇಜಿಗೆ ಬಿಡ್ತೀನಿ" ಎಂದು ಸ್ಕೂಲಿನಲ್ಲಿ ಸಾರಿದೆ. ಎಂಜಿನ್ ಬಿಚ್ಚಿದೆ. ಬಿಡಿಭಾಗ ಇಡಲು ಸಾವಿತ್ರಮ್ಮ ತೊಳೆದು ಬಿಸಿಲಿಗೆ ಇಟ್ಟಿದ್ದ, ಹುಳ ಸಾಕುವ ಬಿದಿರಿನ ತಟ್ಟೆಗಳನ್ನೇ ತಗೊಂಡೆ. ಅವಳು ಅವನ್ನು ಪುನಃ ಸೋಪಿನಲ್ಲಿ ಉಜ್ಜಿ ಉಜ್ಜಿ ಕೈ ಕೆಂಪು ಮಾಡಿಕೊಂಡಳು. ಎರಡು ವಾರದಲ್ಲಿ ಎಂಜಿನ್ನನ್ನೂ ಗೇರಿನ ಪೆಟ್ಟಿಗೆಯನ್ನೂ ಸ್ವಂತ ಬುದ್ಧಿಯಿಂದ ಮರಳಿ ಜೋಡಿಸಿದೆ. ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಗುಡುಗಿತು. ಎದೆಯುಬ್ಬಿಸಿ ಗೇರು ಹಾಕಿದೆ. ಕಾರು ಹೊರಟಿತು.

ಹಿಂದಕ್ಕೆ!

ಬಚ್ಚಲ ಗೋಡೆ ಬಿತ್ತು. ಯಾವ ಗೇರು ಹಾಕಿದರೂ ಅದಕ್ಕೆ ಗೊತ್ತಿದ್ದದ್ದು ಹಿಂದಕ್ಕೆ ಹೋಗುವುದೊಂದೇ. ಚಿಂತಾಮಣಿಯ ಬಸ್ ಷೆಡ್ಡಿನ ಮೆಕ್ಯಾನಿಕ್ ಬಷೀರ್ ಸಾಬರನ್ನು ಕರೆಸಿದೆ. ಅವರು ಬಗ್ಗಿ ನೋಡಿ ತಲೆ ಕೆರೆದುಕೊಂಡರು.

"ಅರೆ ಮೇಷ್ಟ್ರು ಸಾಬ್, ಬಿಚ್ಚೋದು ಯಾರಾದ್ರೂ ಬಿಚ್ತಾರೆ. ಒಳಗೆ ಎಲ್ಲಾ ಉಲ್ಟಾ ಕೂಡಿಸಿದೀರಿ. ಮುಟ್ಟಬೇಡಿ, ಮುಂದಿನ ವಾರ ಬಂದು ನಾನೇ ಸರಿ ಮಾಡ್ತೀನಿ."

ಓದು ಬರಹ ಇಲ್ಲದ ಮನುಷ್ಯ ನನಗೆ ಹೇಳಲು ಬಂದ. ಅವನು ಬರುವ ಹೊತ್ತಿಗೆ ಬಣ್ಣವನ್ನಾದರೂ ಹೊಡೆದು ಮುಗಿಸಿ ಬಾಯಿ ಮುಚ್ಚಿಸಬೇಕು ಎಂದುಕೊಂಡೆ. ಬ್ರಷ್ಷಿನಲ್ಲಿ ಹೊಡೆದರೆ ಎತ್ತಿನ ಗಾಡಿಗೆ ಹೊಡೆದ ಹಾಗಾಗುತ್ತದೆ, ಪಂಪಿನಲ್ಲೇ ಹೊಡೆಯಬೇಕು. ಊರಿನಲ್ಲಿ ಪಂಪು ಇದ್ದದ್ದು ಒಬ್ಬನ ಹತ್ತಿರ, ಮನೆ ಮನೆಗೆ ಸೊಳ್ಳೆ ಔಷಧಿ ಹೊಡೆಯುವ ವೆಂಕಟರಾಯಪ್ಪನ ಹತ್ತಿರ. ಹುಳ ಸಾಕುವ ಬೀದಿಗೆ ಅವನು ಬಂದರೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತುಬಿಡುತ್ತಿದ್ದರು.

"ಮೂರು ಸಲ ಸೋಪಿನ ನೀರಲ್ಲಿ ತೊಳೀರಿ ಸಾರ್. ಡಿ.ಡಿ.ಟಿ. ಐತೆ" ಎಂದ ಅವನು.

"ಡಿ.ಡಿ.ಟಿ.ಯ ಪೂರ್ತಿ ಹೆಸರು ಗೊತ್ತೇನಯ್ಯಾ ನಿನಗೆ?"

"ಇಲ್ಲ ಸಾರ್. ತೊಳೀಬೇಕು ಅನ್ನೋದು ಗೊತ್ತು."

ಪೂರ್ತಿ ಹೆಸರು ನನಗೆ ಗೊತ್ತಿತ್ತು. ತೊಳೆಯಲಿಲ್ಲ.

ಅಂದು ಸಾವಿತ್ರಮ್ಮ ಚಿಂತಾಮಣಿಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಳು. ಆ ತಿಂಗಳು ಅವಳು ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತಿದ್ದಳು, ಅಕ್ಕ ತಂಗಿಯರಿಗೆ ಏನು ಹರಟೆಯೋ ಎಂದು ನಾನು ಗೊಣಗುತ್ತಿದ್ದೆ. ಮಧ್ಯಾಹ್ನ ಜಿಟಿ ಜಿಟಿ ಮಳೆ ಶುರುವಾಯಿತು. ಮಳೆಯಲ್ಲಿ ಬಣ್ಣ ಒಣಗುವುದಿಲ್ಲ. ಮನೆಯಲ್ಲಿ ಬೆಚ್ಚಗೆ, ಒಣಗಿಕೊಂಡು ಇರುವ ಜಾಗ ಒಂದೇ, ಹುಳುಮನೆ. ಸೊಪ್ಪಿನ ಗಾಡಿ ಬರಲೆಂದು ಅದಕ್ಕೆ ದೊಡ್ಡ ಬಾಗಿಲಿತ್ತು. ಬಚ್ಚಲ ಗೋಡೆ ಬಿದ್ದ ಮೇಲೆ ಆ ಬಾಗಿಲು ಸರಿಯಾಗಿ ಕಾರಿನ ಹಿಂದಕ್ಕಿತ್ತು. ಕಾರಿಗೆ ಬರುತ್ತಿದ್ದದ್ದೂ ಅದೊಂದೇ ದಿಕ್ಕು. ಇದು ದೈವ ಸಂಕಲ್ಪವೆಂದೇ ತೋರಿತು.

ಹಿಂಬದಿಯ ಹೊಗೆ ಕೊಳವೆಯನ್ನು ಮುಂದೆ ಮಾಡಿಕೊಂಡು ರೇಸ್ ಕಾರು ಹುಳುಮನೆಯ ಮುಂದಿನ ಅಂಕಣಕ್ಕೆ ಬಿಜಯಂಗೈದಿತು. ಒಳಗೆ ಹುಳದ ತಟ್ಟೆಗಳು, ಮಧ್ಯೆ ಎದೆಯೆತ್ತರದ ಮಣ್ಣಿನ ಗೋಡೆ. ಎದೆಯೆತ್ತರದ ಗೋಡೆಯನ್ನು ಗಾಳಿ ದಾಟುತ್ತದೆ ಎಂದು ಎಂಟನೇ ಕ್ಲಾಸಿಗೆ ಪಾಠ ಮಾಡುವವನೇ ನಾನು. ಬಾಗಿಲು ಹಾಕಿಕೊಂಡು ಎರಡು ಗಂಟೆ ಪಂಪು ಹೊಡೆದೆ. ಕಾರು ಕೆಂಪಗೆ, ಮದುವಣಗಿತ್ತಿಯಂತೆ ಹೊಳೆಯಿತು. ನನ್ನ ಮೀಸೆಯೂ ಕೆಂಪಾಗಿತ್ತು.

ಸಂಜೆ ಸಾವಿತ್ರಮ್ಮ ಬಂದು ಬಾಗಿಲು ತೆಗೆದವಳು ಅಲ್ಲೇ ನಿಂತಳು. ನಾನು ಧೈರ್ಯ ಮಾಡಿ ಅವಳ ಹಿಂದೆ ಒಳಕ್ಕೆ ಹೋದೆ. ಹುಳಗಳೆಲ್ಲ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು.

"ನೋಡು, ಎಷ್ಟು ಚುರುಕಾಗಿವೆ" ಎಂದೆ.

"ಸಾಯೋಕ್ ಮುಂಚೆ ಹಂಗೇ ಆಡಿಸ್ತವೆ."

ಬೆಳಗ್ಗೆ ಒಂದೂ ಉಳಿದಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ತಟ್ಟೆ ತಟ್ಟೆಯಾಗಿ ತಿಪ್ಪೆಗೆ ಹೊತ್ತು ಸುರಿದಳು. ವಿಮಲ ಅಡುಗೆಮನೆಯ ಬಾಗಿಲಲ್ಲಿ ಕೂತು ಅಮ್ಮನನ್ನು ನೋಡುತ್ತಿದ್ದಳು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ. ನಾನೇ ಮಗಳನ್ನು ಆ ಎಂಟನೇ ಕ್ಲಾಸಿನವನಿಗೆ ಧಾರೆ ಎರೆದ ಹಾಗಾಯಿತು. ಬಣ್ಣದ ಮೀಸೆ ಹೊತ್ತುಕೊಂಡು ಗಳಗಳ ಅತ್ತೆ.

"ಗೌರಿಬಿದನೂರಿಗೆ ಕಾಗದ ಬರೆದುಬಿಡಲೇನೇ?" ಎಂದೆ.

"ಏನಂತ?"

"ಬೆಳೆ ಹೋಯ್ತು, ಇನ್ನೇನು ದಾರಿ ಇದೆ ಅಂತ."

ಸಾವಿತ್ರಮ್ಮ ಖಾಲಿ ತಟ್ಟೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಿಮ್ಮ ಕಾರು ಹಿತ್ತಿಲಿಗೆ ಬಂದ ದಿನಾನೇ ಅರ್ಧಕ್ಕಿಂತ ಜಾಸ್ತಿ ಹುಳ ಅಕ್ಕನ ಮನೆಗೆ ಸಾಗಿಸಿದೀನಿ. ಅವು ನಿನ್ನೆಯಿಂದ ಗೂಡು ಕಟ್ತಾ ಇದಾವೆ. ಹೋಗಿ ಮೀಸೆ ತೊಳ್ಕೊಳ್ಳಿ."

ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಅವಮಾನವೂ ಆಯಿತು. ಹದಿನೆಂಟು ವರ್ಷ ಸಂಸಾರ ಮಾಡಿದವಳು ನನ್ನ ಮೇಲೆ ಇಟ್ಟಿದ್ದ ನಂಬಿಕೆ ಅಷ್ಟು. ಕಣ್ಣೆದುರಿಗೆ ಅರ್ಧ ಮನೆ ಹುಳ ಗಾಡಿ ಹತ್ತಿ ಊರು ಬಿಟ್ಟರೂ ಕಾಣದವನು ಮಕ್ಕಳಿಗೆ, ಸೂಕ್ಷ್ಮವಾಗಿ ಗಮನಿಸುವುದೇ ವಿಜ್ಞಾನದ ಮೊದಲ ಪಾಠ ಎಂದು ಹೇಳಿಕೊಡುತ್ತಿದ್ದೆ.

ಆ ಗೂಡು ಮಾರಿದ ದುಡ್ಡಿನಲ್ಲಿ ವಿಮಲ ಕಾಲೇಜಿಗೆ ಬಸ್ಸಿನಲ್ಲೇ ಹೊರಟಳು, ಜೊತೆಗೆ ಅವಳಮ್ಮ. ನನ್ನನ್ನು ಬಾ ಎಂದು ಯಾರೂ ಕರೆಯಲಿಲ್ಲ. ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಹೋದೆ, ಅಷ್ಟಕ್ಕೆ ಅನುಮತಿ ಇತ್ತು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ನಿಂತು, ಕಾಲೇಜಿನಲ್ಲಿ ಯಾವ ವಿಷಯ ತಗೊಳ್ಳಬೇಕು ಎಂಬುದರ ಬಗ್ಗೆ ತಂದೆಯ ಸ್ಥಾನದಿಂದ ನಾಲ್ಕು ಮಾತು ಹೇಳಲು ಬಾಯಿ ತೆರೆದೆ. ವಿಮಲ ನನ್ನ ಕೈ ಮೇಲೆ ಕೈಯಿಟ್ಟಳು.

"ಸೈನ್ಸೇ ತಗೋತೀನಪ್ಪ" ಎಂದಳು. "ಮನೇಲಿ ಒಬ್ಬರಿಗಾದ್ರೂ ಗೊತ್ತಿರಲಿ."